ಗೋಡೆಯಿಂದ ಕಳಶಕ್ಕೆ, ಕಳಶದಿಂದ ಗೋಡೆಗೆ

ಬ್ರೇಕರ್ ಮಷೀನಿನ ಮೊದಲ ಏಟು ಬಿದ್ದಾಗ ನಾನು ಬತ್ತಿದ ಕಾರಂಜಿಯ ತೊಟ್ಟಿಯೊಳಗೆ ಮಂಡಿಯೂರಿ ಕೂತು, ನಡುವಿನ ಕಂಬದ ಟೈಲುಗಳಲ್ಲಿ ಬರೆದ ಗಂಗಮ್ಮನ ಪಾದದ ಹತ್ತಿರ ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಿದ್ದೆ. ಇಡೀ ಕಂಬ ಗಡಗಡ ನಡುಗಿತು. ಎದ್ದು ಸುತ್ತಿ ಬರುವಷ್ಟರಲ್ಲಿ ಕಂಬದ ಹಿಂಬದಿಯ ಮುಖದಿಂದ ಟೈಲಿನ ಬಿಳಿ ಹಂಸವೊಂದು ಕುತ್ತಿಗೆ ಸಮೇತ ಕಳಚಿ ಬಿದ್ದು ಪುಡಿಯಾಗಿತ್ತು.

"ಏಯ್, ನಿಲ್ಸೋ! ನಿಲ್ಸೋ ಅಂದ್ರೆ!"

ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ? ಇನ್ನೊಂದು ಹಂಸದ ರೆಕ್ಕೆ ಹೋಯಿತು. ನನಗೆ ತಲೆ ಕೆಟ್ಟಿತು. ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿ ಒಗೆದೆ. ಅದು ಜನರೇಟರಿನ ತಗಡಿಗೆ ಬಡಿದು ಢಣಾರ್ ಎಂದಾಗ ಮಷೀನು ಹಿಡಿದವನು ಬೆಚ್ಚಿ ಸ್ವಿಚ್ ಬಿಟ್ಟ. ಮೈತುಂಬ ಧೂಳು, ಮೂಗಿಗೆ ಟವೆಲ್ ಕಟ್ಟಿದ ಸಣಕಲ ಆಳು. ಯಾದಗಿರಿ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ಮನೆ ಎಂದು ಆಮೇಲೆ ತಿಳಿಯಿತು.

"ನನಗ್ಯಾಕ ಬೈತೀರಿ ಅಕ್ಕಾರ? ಒಡಿ ಅಂದ್ರು, ಒಡದೀನಿ," ಎಂದ.

ಒಡೆಯಲು ಹೇಳಿದ ಗುತ್ತಿಗೆದಾರರ ಸೂಪರ್‌ವೈಸರ್ ಫೋನಿನಲ್ಲಿ ಮಾತಾಡುತ್ತ ಅಲ್ಲೇ ನಿಂತಿದ್ದ. ವಾರ್ಡಿನ ಎಂಜಿನಿಯರ್ ಬಂದರು. ಹಳೆಯ ಕಟ್ಟಡಗಳ ಟೈಲು ದುರಸ್ತಿ ಮಾಡುವುದು ನನ್ನ ಕಸುಬು. ರಾಜಾಜಿನಗರದ ಈ ಸರ್ಕಲ್ಲಿನ ಕಾರಂಜಿಯನ್ನು ಉಳಿಸಬಹುದೋ, ಹೊಸದು ಹಾಕಬೇಕೋ ನೋಡಿ ಹೇಳಿ ಎಂದು ನನ್ನನ್ನು ಕರೆಸಿದ್ದವರು ಅವರೇ.

"ಮೇಡಂ, ಟೆಂಡರ್ ಆಗಿರೋದೇ ನಾಲ್ಕೂ ಕಡೆ ಹೊಸ ಟೈಲ್ಸ್ ಅಂತ. ನಿಮ್ಮದು ಒಂದು ಅಭಿಪ್ರಾಯ ಇರಲಿ ಅಂತ ಕರೆಸಿದ್ದು ಅಷ್ಟೆ."

"ಒಡೆದ ಮೇಲೆ ಕೇಳೋದಕ್ಕೆ ಅಭಿಪ್ರಾಯ ಅನ್ನಲ್ಲ ಸಾರ್, ತಿಥಿ ಅಂತಾರೆ."

ನಮ್ಮ ಕೂಗಾಟಕ್ಕೆ ರಸ್ತೆಯಾಚೆಯ ಆಟೋ ಸ್ಟ್ಯಾಂಡಿನವರೆಲ್ಲ ಎದ್ದು ಬಂದರು. ಮುಂದೆ ಅವರ ಅಧ್ಯಕ್ಷರು: ಆನೆಯಂಥ ಆಳು, ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು, ಚಪ್ಪಲಿಯನ್ನು ತೊಟ್ಟಿಯ ಹೊರಗೇ ಬಿಟ್ಟು ಬಂದವರು. ಕಂಬದ ನಾಲ್ಕು ಮುಖಗಳಲ್ಲಿ ಮೂರರಲ್ಲಿ ಹಂಸಗಳು. ಸ್ಟ್ಯಾಂಡಿನ ಕಡೆಗಿದ್ದ ಮುಖದಲ್ಲಿ ಮಾತ್ರ ಮೊಸಳೆಯ ಮೇಲೆ ಕೂತ ಗಂಗಮ್ಮ. ಸ್ಟ್ಯಾಂಡಿನವರಿಗೆ ಅದು ಚಿತ್ರವಲ್ಲ, ದೇವರು. ಬೆಳಗಿನ ಮೊದಲ ಬಾಡಿಗೆಗೆ ಹೊರಡುವ ಮುಂಚೆ ಅವಳಿಗೆ ಕೈ ಮುಗಿಯದ ಡ್ರೈವರ್ ಇರಲಿಲ್ಲ.

"ಆ ಮೂರು ಕಡೆ ಏನಾದ್ರೂ ಮಾಡ್ಕೊಳ್ಳಿ," ಎಂದರು ಅಧ್ಯಕ್ಷರು. "ಅಮ್ಮನ ಹತ್ರ ಮಷೀನ್ ಬಂದ್ರೆ ಇಲ್ಲೇ ಹೆಣ ಬೀಳುತ್ತೆ. ಹೇಳ್ಬಿಟ್ಟಿದೀನಿ."

ಅವರು ಬರೀ ಹೇಳಲಿಲ್ಲ. ಒಬ್ಬ ಡ್ರೈವರ್ ಸೂಪರ್‌ವೈಸರನ ಫೋನು ಕಿತ್ತು ಚರಂಡಿಗೆ ಎಸೆದ. ಇನ್ನೊಬ್ಬ ಜನರೇಟರನ್ನು ಒದ್ದು ಕೆಡವಿದ. ಎಂಜಿನಿಯರ್ ಮುಖ ಒರೆಸಿಕೊಂಡು, "ಆಯ್ತಪ್ಪ, ಆಯ್ತು, ಸ್ಟ್ಯಾಂಡಿನವರು ಒಪ್ಪೋವರೆಗೂ ಆ ಒಂದು ಮುಖ ಮುಟ್ಟಲ್ಲ. ಮೇಡಂ, ನೀವೇ ಅದನ್ನ ಏನ್ ಮಾಡ್ತೀರೋ ಮಾಡಿ," ಎಂದರು. ಮೂರು ಮುಖದ ಹಂಸಗಳು ಆ ದಿನವೇ ಮಣ್ಣುಪಾಲಾದವು. ನನಗೆ ಗಂಗಮ್ಮ ಸಿಕ್ಕಳು. ಸಿಕ್ಕಿದ್ದು ನನ್ನ ವಾದದ ಬಲದಿಂದಲ್ಲ, ಆ ಡ್ರೈವರುಗಳ ಸಿಟ್ಟಿನಿಂದ.

ಆ ಗಂಗಮ್ಮನ ಬಗ್ಗೆ ಹೇಳಲೇಬೇಕು. ಬಡಾವಣೆ ಹೊಸದಾಗಿದ್ದ ಕಾಲದಲ್ಲಿ, ಈಗ ಇಲ್ಲದ ಯಾವುದೋ ಕಾರ್ಖಾನೆಯಲ್ಲಿ, ಕೈಯಿಂದ ಬಣ್ಣ ಬರೆದು ಸುಟ್ಟ ಟೈಲುಗಳು. ಬರೆದವನು ಯಾರೋ ಗೊತ್ತಿಲ್ಲ, ಮೊಸಳೆಯನ್ನಂತೂ ಅವನು ಕಂಡವನಲ್ಲ. ಅದಕ್ಕೆ ಎಮ್ಮೆಯ ಕಣ್ಣು, ಎಮ್ಮೆಯದೇ ಸಮಾಧಾನ. ಗಂಗಮ್ಮನ ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿತ್ತು. ನಲ್ಲಿಯ ಸಾಲಿನಲ್ಲಿ ಯಾರೋ ಮುಂದೆ ನುಗ್ಗಿದಾಗ ಹೆಂಗಸರು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಅಂಥ ಮುಖವನ್ನು ಯಾವ ದೇವಸ್ಥಾನದಲ್ಲೂ ನಾನು ನೋಡಿರಲಿಲ್ಲ. ನನಗೆ ಪೂಜೆ ಪುನಸ್ಕಾರ ಅಷ್ಟಕ್ಕಷ್ಟೆ, ಆದರೂ ಅವಳನ್ನು ಬಿಟ್ಟುಕೊಡಲು ನನ್ನಿಂದ ಆಗುತ್ತಿರಲಿಲ್ಲ.

ಎಂಜಿನಿಯರಿಗೆ ಇದು ಅರ್ಥವಾಗಲಿಲ್ಲ. "ಫೋಟೋ ತೆಗೆದು ಟೈಲ್ಸ್ ಮೇಲೆ ಪ್ರಿಂಟ್ ಹಾಕಿಸಿದ್ರೆ ಸೇಮ್ ಟು ಸೇಮ್ ಮೇಡಂ," ಎಂದು ಒಂದು ಮಾದರಿಯನ್ನೂ ತರಿಸಿದರು. ಹುಬ್ಬುಗಳು ಸರಿಸಮ ಆಗಿದ್ದವು. ಕಂಪ್ಯೂಟರಿನವನು ತಿದ್ದಿಬಿಟ್ಟಿದ್ದ. ನಾನು ಆ ಮಾದರಿಯನ್ನು ತೊಟ್ಟಿಯ ಅಂಚಿಗೆ ಬಡಿದು ಎರಡು ಹೋಳು ಮಾಡಿ ಅವರ ಕೈಗೇ ಕೊಟ್ಟೆ. ಅವರು ಪಾಪ, ಎರಡನ್ನೂ ಬ್ಯಾಗಿಗೆ ಹಾಕಿಕೊಂಡರು.

ಕೆಲಸ ಶುರುವಾಯಿತು. ಜೊತೆಗೆ ಕೆಂಗೇರಿಯ ಒಬ್ಬ ಹಿರಿಯ ಗಾರೆ ಮೇಸ್ತ್ರಿ. ಮೊದಲು ತಟ್ಟಿ ನೋಡುವುದು: ಗೋಡೆಗೆ ಕಚ್ಚಿಕೊಂಡ ಟೈಲು ಠಣ್ ಎನ್ನುತ್ತದೆ, ಹಿಂದೆ ಟೊಳ್ಳಾಗಿದ್ದರೆ ಡಬ್ ಎನ್ನುತ್ತದೆ. ಗಂಗಮ್ಮನ ಸೊಂಟದಿಂದ ಮೇಲೆ ಗಟ್ಟಿಯಿತ್ತು. ಕೆಳಗೆ ಮೊಸಳೆಯೆಲ್ಲ ಡಬ್ ಡಬ್. ಅದರ ಕೆಳದವಡೆಯಂತೂ ಇರಲೇ ಇಲ್ಲ. ಸ್ಟ್ಯಾಂಡಿನವರೇ ಅಲ್ಲಿ ಸಿಮೆಂಟು ಮೆತ್ತಿ, ಅದರ ಮೇಲೆ ಹಸಿರು ಪೇಂಟ್ ಬಳಿದಿದ್ದರು. ವರ್ಷಗಟ್ಟಲೆ ಶುಕ್ರವಾರದ ಈಡುಗಾಯಿಗಳನ್ನು, ಆಯುಧಪೂಜೆಯ ಬೂದುಗುಂಬಳಕಾಯಿಗಳನ್ನು ಅದೇ ಜಾಗಕ್ಕೆ ಅಪ್ಪಳಿಸಿದ್ದರು.

"ನಿಮ್ಮಮ್ಮನ್ನ ಒಡೀತಿರೋರು ನೀವೇ," ಎಂದು ಅಧ್ಯಕ್ಷರ ಮೇಲೆ ರೇಗಿದೆ.

"ಈಡುಗಾಯಿ ಒಡೆದ್ರೆ ದೃಷ್ಟಿ ಹೋಗುತ್ತೆ ಮೇಡಂ, ಟೈಲ್ಸ್ ಯಾಕ್ ಹೋಗುತ್ತೆ?"

"ಹೋಗಿದೆಯಲ್ರೀ, ಕಣ್ಣು ಕಾಣಲ್ವಾ?"

ಸಿಮೆಂಟಿನ ಹಿಂದೆ ಇನ್ನೂ ದೊಡ್ಡ ಶತ್ರು ಇತ್ತು. ಕಂಬದೊಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಊದಿಕೊಂಡು, ಟೈಲುಗಳನ್ನು ಒಳಗಿನಿಂದಲೇ ಒದ್ದು ಹೊರತಳ್ಳುತ್ತಿತ್ತು. ಮೊಸಳೆಯ ಸಾಲುಗಳನ್ನು ಬಿಡಿಸಿ ತೆಗೆದು, ತುಕ್ಕಿನ ಸರಳು ಕತ್ತರಿಸಿ, ಸುಣ್ಣದ ಗಾರೆಯಲ್ಲಿ ಮತ್ತೆ ಕೂಡಿಸದೆ ಬೇರೆ ದಾರಿ ಇರಲಿಲ್ಲ. ಕತ್ತರಿಸುವಾಗ ಮೇಲಿನ ಭಾಗ ಅದುರಿ ಬಣ್ಣದ ಹೊಳಪು ಉದುರಬಾರದಲ್ಲ, ಅದಕ್ಕೆ ಮುಖದ ಮೇಲೆ ತೆಳು ಮಲ್ ಬಟ್ಟೆ ಹಾಸಿ, ನೀರಿಗೆ ಕರಗುವ ಅಂಟು ಬಳಿಯಬೇಕು. ಕೆಲಸ ಮುಗಿದ ಮೇಲೆ ನೀರು ಹಾಕಿದರೆ ಬಟ್ಟೆ ತಾನೇ ಜಾರಿ ಬರುತ್ತದೆ.

ಬಟ್ಟೆ ಹಾಸಿದ್ದೇ ತಡ, ಸ್ಟ್ಯಾಂಡಿನಿಂದ ಕೂಗು ಬಿತ್ತು. "ಅಮ್ಮನ ಮುಖಕ್ಕೆ ಬಟ್ಟೆ ಹೊದಿಸ್ತಾವ್ಳೆ ಕಣ್ರೋ! ಹೆಣಕ್ಕೆ ಹೊದಿಸ್ದಂಗೆ!" ಒಬ್ಬ ಓಡಿಬಂದು ಅಂಟಿನ ಡಬ್ಬಿಯನ್ನು ಒದ್ದ. ಇನ್ನೊಬ್ಬ ಮೇಸ್ತ್ರಿಯ ಕಾಲರ್ ಹಿಡಿದು ಕಂಬಕ್ಕೆ ಒತ್ತಿದ. "ಕಾಲರ್ ಬಿಡಪ್ಪ, ಹೊಸ ಶರ್ಟು," ಎಂದ ಮೇಸ್ತ್ರಿಗೆ ಕೆನ್ನೆಗೊಂದು ಬಿತ್ತು. ನಾನು ಉಳಿಯನ್ನು ಮುಂದೆ ಹಿಡಿದುಕೊಂಡು ನಿಂತೆ. ನಿಜಕ್ಕೂ ಚುಚ್ಚಿಬಿಡುತ್ತಿದ್ದೆ. ಅಧ್ಯಕ್ಷರು ನಡುವೆ ಬಂದು ತಮ್ಮವರನ್ನು ದೂಡಿ, "ಅಮ್ಮ ಇರೋ ಗೋಡೆಗೆ ಗರಗಸ ಹಾಕೋಕೆ ನಾವು ಬಿಡಲ್ಲ ಮೇಡಂ. ನೀವಾದ್ರೂ ಅಷ್ಟೆ, ಅವರಾದ್ರೂ ಅಷ್ಟೆ," ಎಂದರು.

ಆಗ ನನಗೊಂದು ಉಪಾಯ ಹೊಳೆಯಿತು. ಹಳೆಯ ಗುಡಿಗಳ ಜೀರ್ಣೋದ್ಧಾರ ಮಾಡುವಾಗ ಮೊದಲು ಕಳಾಕರ್ಷಣೆ ಮಾಡಿಸುತ್ತಾರೆ. ಪುರೋಹಿತರು ಮಂತ್ರ ಹೇಳಿ, ವಿಗ್ರಹದಲ್ಲಿರುವ ದೇವರ ಶಕ್ತಿಯನ್ನು ಕಳಶದ ನೀರಿಗೆ ಇಳಿಸುತ್ತಾರೆ. ಕೆಲಸ ಮುಗಿಯುವ ತನಕ ದೇವರು ಕಳಶದಲ್ಲಿ, ಕಲ್ಲು ಬರೀ ಕಲ್ಲು. ಮುಗಿದ ಮೇಲೆ ಅದೇ ನೀರನ್ನು ಅಭಿಷೇಕ ಮಾಡಿದರೆ ದೇವರು ಮತ್ತೆ ಅಲ್ಲಿಗೆ ಬಂದಂತೆ. ಇದನ್ನೇ ಅಧ್ಯಕ್ಷರಿಗೆ ಹೇಳಿದೆ. "ಅಮ್ಮನ್ನ ನಿಮ್ಮ ಸ್ಟ್ಯಾಂಡಿಗೇ ಕರ್ಕೊಂಡು ಹೋಗಿ ಇಟ್ಕೊಳ್ಳಿ. ಆಮೇಲೆ ಇಲ್ಲಿರೋದು ಬರೀ ಟೈಲ್ಸ್. ನಾನು ಕೊಯ್ದರೂ ಯಾರಿಗೂ ನೋವಾಗಲ್ಲ."

ಅವರ ಕಣ್ಣು ತುಂಬಿತು. "ನಮಗೆ ಹೊಳೀಲೇ ಇಲ್ವಲ್ಲ ಮೇಡಂ," ಎಂದರು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಶುಕ್ರವಾರ ಬೆಳಿಗ್ಗೆ ಪುರೋಹಿತರು ಬಂದರು. ಗೋಡೆಯಿಂದ ಕಳಶಕ್ಕೆ ನೂಲು ಕಟ್ಟಿ, ದರ್ಭೆ ಹಿಡಿದು, ಬಹಳ ಹೊತ್ತು ಮಂತ್ರ ಹೇಳಿ ನೂಲು ಬಿಚ್ಚಿದರು. "ಇನ್ನು ಇಲ್ಲಿ ಅಮ್ಮ ಇಲ್ಲ, ಕೆಲಸ ಮಾಡಿಕೊಳ್ಳಿ," ಎಂದರು. ಕಳಶವನ್ನು ತಮಟೆ ಬಡಿಯುತ್ತ ಸ್ಟ್ಯಾಂಡಿನ ತಗಡಿನ ಶೆಡ್ಡಿಗೆ ಒಯ್ದು ಮಣೆಯ ಮೇಲಿಟ್ಟರು. ಮಧ್ಯಾಹ್ನ ಅಧ್ಯಕ್ಷರು ಚಪ್ಪಲಿ ಮೆಟ್ಟಿಕೊಂಡೇ ತೊಟ್ಟಿಯೊಳಗೆ ಬಂದು, ಗಂಗಮ್ಮನಿಗೆ ಬೆನ್ನು ಕೊಟ್ಟು ಒರಗಿ, ನನ್ನ ಜೊತೆ ಟೀ ಕುಡಿದರು. ನನಗೆ ಅದು ಸ್ನೇಹದಂತೆ ಕಂಡು ಖುಷಿಯಾಯಿತು.

ಮುಖಕ್ಕೆ ಮತ್ತೆ ಬಟ್ಟೆ ಹಾಸಿ ಅಂಟು ಬಳಿದ ಮೇಲೆ, ಮುಂದಿನ ವಾರಗಳು ಬರೀ ಕೊಯ್ಯುವ ಕೆಲಸ. ಟೈಲಿಗೂ ಗೋಡೆಗೂ ನಡುವೆ ತೆಳು ಗರಗಸದ ಅಲಗು ತೂರಿಸಿ, ಉಸಿರು ಬಿಗಿಹಿಡಿದು ಎಳೆಯುವುದು. ಹಳೆಯ ಗಾರೆ ಬೆಲ್ಲದಂತೆ ಬಿಟ್ಟುಕೊಡುತ್ತಿತ್ತು. ಡ್ರೈವರುಗಳ ಸಿಮೆಂಟು ಮಾತ್ರ ಹಲ್ಲು ಕಚ್ಚಿ ಕೂತಿತ್ತು. ಮೊಸಳೆಯ ಕಣ್ಣಿದ್ದ ಟೈಲು ಕೊನೆಯ ಎಳೆತದಲ್ಲಿ ಛಟ್ ಎಂದು ಮೂರು ಚೂರಾಗಿ ಒಂದು ಚೂರು ನನ್ನ ಹೆಬ್ಬೆರಳಿನೊಳಗೇ ಇಳಿಯಿತು. ರಕ್ತಕ್ಕಿಂತ ಆ ಕಣ್ಣು ಹೋಯಿತಲ್ಲ ಎಂದು ಅಳು ಬಂತು. ಚೂರುಗಳನ್ನು ವಿಜಯನಗರದ ಮನೆಗೆ ಒಯ್ದು, ಕಾರಂಜಿಯ ಬೋರ್‌ವೆಲ್ ನೀರಿನಿಂದ ಒಳಗಿಳಿದಿದ್ದ ಉಪ್ಪು ಬಿಡುವವರೆಗೂ ಒದ್ದೆ ಕಾಗದದ ಹಿಟ್ಟು ಮೆತ್ತಿ ಮೆತ್ತಿ ತೆಗೆದು, ಒಂದೊಂದಾಗಿ ಅಂಟಿಸಿದೆ.

ಇಲ್ಲದೇ ಹೋಗಿದ್ದ ದವಡೆಗೆ ಹೊಸ ಟೈಲು ಮಾಡದೆ ವಿಧಿಯಿರಲಿಲ್ಲ. ಉಳಿಸಬೇಕು, ಬದಲಿಸಬಾರದು ಎಂದು ಎಲ್ಲರೆದುರು ಗಂಟಲು ಹರಿದುಕೊಂಡವಳು ನಾನು, ಕೊನೆಗೆ ಒಂದಷ್ಟನ್ನು ಬದಲಿಸುವವಳೂ ನಾನೇ. ಆ ಹಸಿರು ನನ್ನನ್ನು ಸತಾಯಿಸಿಬಿಟ್ಟಿತು. ಮೊದಲು ಸುಟ್ಟಾಗ ಬೆಂದ ಸೊಪ್ಪಿನ ಬಣ್ಣ. ಆಮೇಲೆ ಕಪ್ಪು. ಟೈಲು ಸುಡುವ ಗೂಡಿನ ಬಿಸಿ ಇಳಿಸಿ, ಬಣ್ಣಕ್ಕೆ ಬೆರೆಸುವ ತಾಮ್ರ ಕಡಿಮೆ ಮಾಡಿ, ಮತ್ತೆ ಸುಟ್ಟು, ಕೊನೆಗೆ ಹಳೆಯದಕ್ಕಿಂತ ಒಂದು ಕೂದಲೆಳೆ ತೆಳುವಾದ ಹಸಿರು ಬಂತು. ಅದನ್ನೇ ಇಟ್ಟುಕೊಂಡೆ. ದೂರದಿಂದ ಒಂದೇ ಕಾಣಬೇಕು, ಹತ್ತಿರ ಬಂದವರಿಗೆ ಯಾವುದು ಹಳೆಯದು ಯಾವುದು ನನ್ನದು ಎಂದು ತಿಳಿಯಬೇಕು. ಸುಳ್ಳು ಹೇಳಬಾರದು.

ಆ ದವಡೆಯ ಟೈಲುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಆಟೋದಲ್ಲಿ ಸರ್ಕಲ್ಲಿಗೆ ಬಂದ ಬೆಳಿಗ್ಗೆ, ದೂರದಿಂದಲೇ ಬ್ರೇಕರಿನ ಸದ್ದು ಕೇಳಿತು. ಆಟೋ ನಿಲ್ಲುವ ಮೊದಲೇ ಹಾರಿದೆ. ಅದೇ ಲಗ್ಗೆರೆಯ ಆಳು, ಈ ಸಲ ಗಂಗಮ್ಮನ ಮುಖದ ಕಡೆಗೇ. ಮೇಲಿನ ತಾವರೆಯ ಅಂಚು ಹೋಗಿತ್ತು. ಕಿರೀಟದ ಪಕ್ಕದ ಟೈಲುಗಳು ಉದುರುತ್ತಿದ್ದವು. ಬಟ್ಟೆ ಅಂಟಿಸಿದ ಮುಖ ಪ್ರತಿ ಏಟಿಗೂ ಅದುರುತ್ತಿತ್ತು.

ಸ್ಟ್ಯಾಂಡಿನ ಕಡೆ ತಿರುಗಿದೆ. ಎಲ್ಲರೂ ಟೀ ಕುಡಿಯುತ್ತ ಕೂತಿದ್ದರು.

"ನೋಡ್ಕೊಂಡು ಕೂತಿದೀರಲ್ರೀ! ಅವತ್ತು ಹೆಣ ಬೀಳುತ್ತೆ ಅಂದ್ರಿ?"

ಅಧ್ಯಕ್ಷರು ಲೋಟ ಕೆಳಗಿಟ್ಟು ಸಮಾಧಾನದಿಂದಲೇ ಹೇಳಿದರು. "ಕೂಗಾಡ್ಬೇಡಿ ಮೇಡಂ. ಗುತ್ತಿಗೆದಾರರು ಅಮ್ಮಂಗೆ ಕಪ್ಪು ಕಲ್ಲಿನ ವಿಗ್ರಹ ಮಾಡಿಸ್ಕೊಡ್ತಾವ್ರೆ. ಇಲ್ಲೇ ಗುಡಿ. ಕಳಶದ ನೀರು ಅದಕ್ಕೆ ಹಾಕ್ತೀವಿ."

"ಮತ್ತೆ ಅವಳು?" ಎಂದು ಗೋಡೆ ತೋರಿಸಿದೆ.

"ಅದು ಬರೀ ಟೈಲ್ಸ್ ಅಲ್ವಾ? ನೀವೇ ಹೇಳಿದ್ದಲ್ವಾ ಮೇಡಂ?"

ಚೆನ್ನಾಗಿ ಕಪಾಳಕ್ಕೆ ಬಾರಿಸಿದಂತಾಯಿತು. ಅವಳನ್ನು ಕಾಯುತ್ತಿದ್ದದ್ದು ಇವರ ಭಕ್ತಿ ಒಂದೇ. ಆ ಭಕ್ತಿಯನ್ನು ಗೋಡೆಯಿಂದ ಬಿಚ್ಚಿ, ತಮಟೆ ಹೊಡೆಸಿ, ಶೆಡ್ಡಿಗೆ ಕಳಿಸಿಕೊಟ್ಟವಳು ನಾನು. ಎಂಜಿನಿಯರಿಗೆ ಫೋನ್ ಮಾಡಿದರೆ, "ಅವರೇ ಒಪ್ಪಿದ್ರಲ್ಲ ಮೇಡಂ, ಇನ್ನೇನಿದೆ," ಎಂದು ಇಟ್ಟುಬಿಟ್ಟರು.

ಸೂಪರ್‌ವೈಸರನ ಕಾಲರ್ ಹಿಡಿದೆ. ಅವನು ನನ್ನ ಕೈಯನ್ನು ಹಿಂದಕ್ಕೆ ತಿರುಚಿ ದೂಡಿದ. ಬುಟ್ಟಿ ಅವನ ಕಾಲಿಗೆ ಸಿಕ್ಕಿತು, ಅವನು ಅದನ್ನು ಒದ್ದ. ಸೀರೆಯೊಳಗೆ ನನ್ನ ದವಡೆಯ ಟೈಲುಗಳು ಪುಡಿಯಾದ ಸದ್ದು ಕೇಳಿತು. "ಹೋಗಮ್ಮ, ನಿನ್ ಹಳೇ ಸಾಮಾನು ಎತ್ಕೊಂಡ್ ಹೋಗು," ಎಂದ. ಅತ್ತ ಕಿರೀಟದ ಅರ್ಧ ಬಿತ್ತು. ಮುಂದಿನ ಏಟು ಹಣೆಗೆ.

ನಾನು ಮುಖದ ಕಡೆ ಓಡಲಿಲ್ಲ. ರಸ್ತೆ ದಾಟಿ ಶೆಡ್ಡಿಗೆ ನುಗ್ಗಿದೆ. ಚಪ್ಪಲಿ ಕಾಲಿನಲ್ಲೇ ಇತ್ತು. ಕಳಶದ ಮೇಲಿನ ತೆಂಗಿನಕಾಯಿ, ಮಾವಿನೆಲೆ ಕಿತ್ತೆಸೆದು, ಚೊಂಬನ್ನು ಎದೆಗವಚಿಕೊಂಡು ಹಿಂದಕ್ಕೆ ಓಡಿದೆ. ಹಿಂದಿನಿಂದ ಕಿರುಚಾಟ. ಯಾರೋ ನನ್ನ ಜಡೆ ಹಿಡಿದೆಳೆದರು, ಕುತ್ತಿಗೆ ಲಟಕ್ ಎಂದಿತು, ಆದರೂ ಬಿಡಲಿಲ್ಲ. ತೊಟ್ಟಿಗೆ ಧುಮುಕಿ, ಬ್ರೇಕರಿನ ಮೂತಿಯ ಪಕ್ಕದಲ್ಲೇ ತೂರಿ, ಕಳಶದ ನೀರೆಲ್ಲವನ್ನೂ ಬಟ್ಟೆಯ ಮೇಲೆ ಸುರಿದೆ. ಅಂಗೈಯಿಂದ ಉಜ್ಜಿದೆ. ನೀರಿಗೆ ಅಂಟು ಕರಗುತ್ತದೆ ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಬಟ್ಟೆ ಹಣೆಯಿಂದ ಕೆಳಕ್ಕೆ ಜಾರಿತು. ಏರಿದ ಒಂದು ಹುಬ್ಬು, ಕಣ್ಣು, ಮೂಗುತಿ, ಎಲ್ಲ ಒದ್ದೆಯಾಗಿ ಹೊಳೆಯುತ್ತ ಈಚೆ ಬಂದವು.

"ಅಮ್ಮ ಇಲ್ಲಿದಾಳೆ!" ಎಂದು ಕಿರುಚಿದೆ. "ಈಗ ಒಡೀರೋ ನೋಡೋಣ!"

ಮೊದಲ ಏಟು ನನಗೇ. ಮಡಿಯಿಲ್ಲದೆ ಕಳಶ ಮುಟ್ಟಿದವಳು ಎಂದು ಯಾರೋ ಹಿಂಗೈಯಿಂದ ಬಾಯಿಗೆ ಹೊಡೆದರು. ತುಟಿ ಸೀಳಿ, ಹಲ್ಲೊಂದು ಮುರಿಯಿತು. ಬಿದ್ದಲ್ಲಿಂದಲೇ ನೋಡುತ್ತಿದ್ದೆ. ಡ್ರೈವರುಗಳು ಸೂಪರ್‌ವೈಸರನನ್ನು ತೊಟ್ಟಿಯ ಅಂಚಿಗೆ ಕೆಡವಿ ತುಳಿಯುತ್ತಿದ್ದರು, ಅವನು ಹೇಗೋ ನುಸುಳಿ ಓಡಿದ. ಜನರೇಟರ್ ಉರುಳಿತು. ಕಲ್ಲು, ಟೈಲಿನ ಚೂರು, ಕಳಶದ ತೆಂಗಿನಕಾಯಿ, ಸಿಕ್ಕಿದ್ದೆಲ್ಲ ಹಾರುತ್ತಿತ್ತು. ಕೆಟ್ಟ ಖುಷಿಯಾಯಿತು ನನಗೆ. ಬಾಯಿ ತುಂಬ ರಕ್ತ ಇಟ್ಟುಕೊಂಡು ಹಾಕ್ರೋ ಇನ್ನೂ ಎಂದುಕೊಳ್ಳುತ್ತಿದ್ದೆ.

ಆಗ ಲಗ್ಗೆರೆಯ ಆ ಆಳು ಕಣ್ಣಿಗೆ ಬಿದ್ದ. ಅವನು ಓಡಿರಲಿಲ್ಲ. ಬಟ್ಟೆ ಜಾರಿದ ಕೂಡಲೇ ಸ್ವಿಚ್ ಆರಿಸಿ, ಬ್ರೇಕರನ್ನು ಮೆಲ್ಲಗೆ ಕೆಳಗಿಟ್ಟಿದ್ದ. ಚಪ್ಪಲಿ ಕಳಚಿ ಬದಿಗೆ ಸರಿಸಿದ್ದ. ಮೂಗಿನ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಗಂಗಮ್ಮನ ಎದುರು ಎರಡೂ ಕೈ ಜೋಡಿಸಿ ನಿಂತಿದ್ದ. ತುಟಿಗಳು ಅಲುಗುತ್ತಿದ್ದವು. ಅಧ್ಯಕ್ಷರು ಜಾಕಿ ರಾಡು ಎತ್ತಿಕೊಂಡು ಬಂದದ್ದು ಅವನ ಬೆನ್ನ ಹಿಂದಿನಿಂದಲ್ಲ, ಪಕ್ಕದಿಂದ. ಅವನು ನೋಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಕಣ್ಣು ಮುಚ್ಚಿದ್ದ. ನಾನು ಬೇಡ ಎಂದು ಕೂಗಲು ಬಾಯಿ ತೆರೆದರೆ ರಕ್ತ ಬಂತೇ ಹೊರತು ಮಾತು ಬರಲಿಲ್ಲ. ರಾಡು ಜೋಡಿಸಿದ ಆ ಕೈಗಳ ಮೇಲೆಯೇ ಬಿತ್ತು, ಒಂದು ಸಲ, ಮತ್ತೊಂದು ಸಲ.

ಪೊಲೀಸರು ಬಂದರು. ಯಾರು ಹೊಡೆದದ್ದೆಂದು ಸ್ಟ್ಯಾಂಡಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಕಂಡದ್ದನ್ನು ಹೇಳಿದೆ. ಅಧ್ಯಕ್ಷರು ಜಾಮೀನಿನ ಮೇಲೆ ಬೇಗನೇ ಈಚೆ ಬಂದರು, ನನ್ನ ಜೊತೆ ಮಾತು ಬಿಟ್ಟರು. ಆದರೆ ಅಮ್ಮ ತಾನೇ ಮುಸುಕು ತೆಗೆದಳು ಎಂಬ ಸುದ್ದಿ ಬಸವೇಶ್ವರನಗರದವರೆಗೂ ಹಬ್ಬಿ, ಜನ ಸಾಲುಗಟ್ಟಿ ಬರತೊಡಗಿದ ಮೇಲೆ ಆ ಗೋಡೆಯನ್ನು ಒಡೆಯುವ ಮಾತನ್ನು ಯಾರೂ ಎತ್ತಲಿಲ್ಲ. ಪುರೋಹಿತರಿಂದ ಶುದ್ಧಿ ಮಾಡಿಸಿ ನನಗೆ ಕೆಲಸ ಮುಗಿಸಲು ಬಿಟ್ಟರು. ತುಕ್ಕಿನ ಸರಳು ಕತ್ತರಿಸಿ ತೆಗೆದು, ಮೊಸಳೆಯನ್ನು ಕೂಡಿಸಿ, ಹೊಸ ದವಡೆ ಸುಟ್ಟು ಕೂರಿಸಿ, ಉದುರಿದ ಕಿರೀಟದ ಚೂರುಗಳನ್ನು ತೊಟ್ಟಿಯ ಕಸದಿಂದ ಹೆಕ್ಕಿ ಅಂಟಿಸಿದೆವು. ನೀರು ಬಿಟ್ಟಾಗ ಒಂದು ಟೈಲೂ ಅಲುಗಲಿಲ್ಲ. ಎಂಜಿನಿಯರ್ ನನಗೆ ಶಾಲು ಹೊದಿಸಿ ಫೋಟೋ ತೆಗೆಸಿದರು.

ಶಾಲನ್ನು ಬ್ಯಾಗಿಗೆ ತುರುಕಿಕೊಂಡು ಅಲ್ಲಿಂದ ನೇರ ಲಗ್ಗೆರೆಗೆ ಹೋದೆ. ಅದುವರೆಗೆ ಹೋಗಲು ಧೈರ್ಯ ಬಂದಿರಲಿಲ್ಲ. ಒಂದೇ ಕೋಣೆಯ ಮನೆ. ಅವನು ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ. ಎಡಗೈ ಹೇಗೋ ವಾಸಿಯಾಗಿತ್ತು. ಬಲಗೈಯೊಳಗೆ ಸ್ಟೀಲ್ ಕಡ್ಡಿಗಳಿದ್ದವು.

"ಬರ್ರಿ ಅಕ್ಕಾರ," ಎಂದ. "ಅವ್ವ ಅಲ್ಲೇ ಅದಾಳಲ್ರಿ?"

"ಇದಾಳಪ್ಪ. ನೀರೂ ಬಂತು."

"ಹಂಗಿದ್ರ ಆಯ್ತು ಬಿಡ್ರಿ. ನಾ ಒಡದಿದ್ದೆ ಅಂತ ಭಾಳ ಹೆದರಿಕಿ ಆಗಿತ್ತು."

ನನಗೆ ಅವನ ಮುಖ ನೋಡಲಾಗಲಿಲ್ಲ. ಅವನು ಬೈದುಬಿಟ್ಟರೆ ಸಾಕು ಎನ್ನಿಸಿತು. ಒಲೆಯ ಮುಂದಿದ್ದ ಅವನ ಹೆಂಡತಿ ಎದ್ದು ಬಂದು, ಅವನ ಬಲಗೈಯ ಬಟ್ಟೆ ಬಿಚ್ಚಿ, ಅದನ್ನು ನನ್ನ ಮಡಿಲಲ್ಲಿ ಇಟ್ಟಳು.

"ನಿಮಗ ಒಡದ ಸಾಮಾನ ಕೂಡ್ಸಾಕ ಬರ್ತದಂತಲ್ರಿ, ಯಾವುದು ಹಳೇದು ಯಾವುದು ಹೊಸದು ಗೊತ್ತಾಗದಂಗ?" ಎಂದಳು. "ಇದನ್ನ ಕೂಡಿಸ್ರಿ. ನೋಡ್ತೀನಿ."

ನಾನು ಗೊತ್ತಾಗುವ ಹಾಗೇ ಕೂಡಿಸುವವಳು. ಆ ಕೈಯನ್ನು ಹಿಡಿದುಕೊಂಡು ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಗ್ಗಿಸಲು ನೋಡಿದೆ. ಅವು ಬಗ್ಗಲಿಲ್ಲ.